ಪದ ಸೂಚಿಸಬಾರದು

ಬಿಳಿ ಕಲ್ಲನ್ನು ಮೂರನೆಯ ತಟ್ಟೆಯಲ್ಲಿಡುವುದೋ ಏಳನೆಯದರಲ್ಲಿಡುವುದೋ ಎಂದು ಅವನು ಐದು ನಿಮಿಷದಿಂದ ನಿಂತೇ ಇದ್ದ. ಎಲ್ಲಿಟ್ಟರೂ ಕಲ್ಲು ಕಲ್ಲೇ. ಆದರೂ ಮೌಖಿಕ ಪರೀಕ್ಷೆಯ ದಿನ ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲೆ ಹತ್ತು ಕಲ್ಲು ಜೋಡಿಸುವುದು ವರ್ಷಕ್ಕೊಮ್ಮೆ ಅವನ ಕೈಗೆ ಬರುವ ಅಧಿಕಾರ. ಕೊನೆಗೆ ಏಳರಲ್ಲಿಟ್ಟ.

ಅದು ಮಕ್ಕಳನ್ನು ಬೀಳಿಸಲೆಂದೇ ಇಡುವ ಕಲ್ಲು. ನೋಡಲು ಥೇಟ್ ಅಮೃತಶಿಲೆ, ಆದರೆ ಅಲ್ಲ. ಆಸಿಡ್ ಹನಿ ಹಾಕಿದರೆ ಅಮೃತಶಿಲೆ ನೊರೆ ಉಕ್ಕಿಸುತ್ತದೆ, ಇದು ಸುಮ್ಮನಿರುತ್ತದೆ. ಅಮೃತಶಿಲೆ ಗಾಜನ್ನು ಗೀರಲಾರದು, ಇದು ಗೀರುತ್ತದೆ. ಹೆಸರು ಕ್ವಾರ್ಟ್‌ಜೈಟ್. ಇಪ್ಪತ್ತೆರಡು ವರ್ಷ ಭೂವಿಜ್ಞಾನ ಪಾಠ ಮಾಡಿದ ಮೇಲೆ ಅವನಿಗೆ ಈ ಕಲ್ಲಿನ ಮೇಲೆ ಒಂದು ಬಗೆಯ ಸಲಿಗೆ ಬಂದುಬಿಟ್ಟಿತ್ತು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲ ಬಳಿ ಬಂದಿದ್ದಳು. "ಸಂಜೆ ಡಾಕ್ಟರ ಹತ್ರ ಹೋಗ್ಬೇಕಲ್ಲ, ನಂಗೆ..."

"ಗಾಡಿ ಮಾಡ್ಕೊಂಡು ಹೋಗಿ ಬಾ. ನಡೀಬೇಡ," ಎಂದಿದ್ದ.

ಅವಳು ಒಂದು ಗಳಿಗೆ ನೋಡಿ ಒಳಗೆ ಹೋಗಿದ್ದಳು. ಬಸ್ಸಿನಲ್ಲಿ ಕೂತ ಮೇಲೆ, 'ನಂಗೆ' ಎಂಬುದರ ಮುಂದೆ ಏನಿತ್ತೋ ಎಂದು ಒಮ್ಮೆ ಅನ್ನಿಸಿತ್ತು. ಕಂಡಕ್ಟರ್ ಬಂದ, ಅದು ಮರೆತುಹೋಯಿತು.

ಅರೆಮಾತಿಗೇ ಪೂರ್ತಿ ತಿಳಿದುಕೊಳ್ಳುವುದು ತನ್ನ ಗುಣವೆಂದು ಅವನು ನಂಬಿದ್ದ. ಸ್ಟಾಫ್ ರೂಮಿನಲ್ಲಿ ಅವನಿಗೆ 'ಪೂರ್ಣವಿರಾಮ' ಎಂಬ ಅಡ್ಡಹೆಸರಿತ್ತು, ಎಲ್ಲರ ವಾಕ್ಯಗಳನ್ನೂ ಅವನೇ ಮುಗಿಸುತ್ತಿದ್ದುದರಿಂದ. ಹೆಸರಿಟ್ಟವರು ಗೇಲಿ ಮಾಡಿದ್ದರು. ಅವನು ಹೊಗಳಿಕೆಯೆಂದು ಇಟ್ಟುಕೊಂಡ. ಎದುರಿನವರು ಮಾತಿಗೆ ತಡಕಾಡುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಅದನ್ನು ಅವನು ಕರುಣೆ ಎಂದುಕೊಂಡಿದ್ದ.

ಕಾಲೇಜಿನ ವಿಶೇಷ ಸೌಲಭ್ಯ ಘಟಕ ಅವನ ಹೆಗಲಿಗೆ ಬಂದದ್ದೂ ಹಾಗೆಯೇ. ಎರಡು ವರ್ಷದ ಹಿಂದೆ ಸಭೆಯಲ್ಲಿ ಪ್ರಾಂಶುಪಾಲರು, "ಅಂಗವಿಕಲ ಮಕ್ಕಳ ಸೌಲಭ್ಯ ನೋಡ್ಕೊಳ್ಳೋಕೆ ಒಬ್ರು ಯಾರಾದ್ರೂ..." ಎಂದು ನಿಲ್ಲಿಸಿದಾಗ, "ಬೇಕೇ ಬೇಕು ಸರ್," ಎಂದವನು ಅವನೊಬ್ಬನೇ. ಮರುದಿನ ಆದೇಶ ಬಂತು. ಅದನ್ನು ಮೇಜಿನ ಗಾಜಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಸೇರಿಸಿಟ್ಟ. ಘಟಕವೆಂದರೆ ಆ ಮೇಜು, ಒಂದು ಮೊಹರು, ಒಂದು ನಮೂನೆ.

ನಮೂನೆಯಲ್ಲಿ ನಾಲ್ಕು ಕಾಲಂ: ಹೆಚ್ಚುವರಿ ಸಮಯ, ಬರೆದುಕೊಡುವವರು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ನೆಲಮಹಡಿಯ ಕೊಠಡಿ. ಯಾವ ಕಷ್ಟ ಬಂದರೂ ಈ ನಾಲ್ಕರಲ್ಲೊಂದಾಗಿ ಬರಬೇಕು.

ಕೊನೆಯ ವರ್ಷದ ಆ ಹುಡುಗಿಯ ಕಷ್ಟ ಹಾಗೆ ಬರಲಿಲ್ಲ. ಅವಳಿಗೆ ಮಾತು ತಡೆಯುತ್ತಿತ್ತು. ತೊದಲು ಎಂದರೆ ಸಣ್ಣ ಮಾತಾಯಿತು. ವಾಕ್ಯದ ಮಧ್ಯೆ ಗಂಟಲು ಮುಚ್ಚಿಕೊಂಡು, ಬಾಯಿ ತೆರೆದೇ ಇದ್ದು, ಹತ್ತು ಹದಿನೈದು ಸೆಕೆಂಡು ಒಂದು ಸದ್ದೂ ಹೊರಡುತ್ತಿರಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ತರಗತಿಗೇ ಮೊದಲು. ಹೊಳೆಯ ಆಚೆ ದಡದ ದೊಡ್ಡ ಸಂಸ್ಥೆಯಲ್ಲಿ ಮುಂದಿನ ಓದಿಗೆ ಸೀಟು ಸಿಕ್ಕಾಗಿತ್ತು. ಮೌಖಿಕದಲ್ಲಿ ಇಪ್ಪತ್ತಕ್ಕೆ ಎಂಟು ಬಂದರೆ ಸಾಕು. ಬರದಿದ್ದರೆ ವರ್ಷವೂ ಹೋಯಿತು, ಸೀಟೂ ಹೋಯಿತು.

ತಿಂಗಳ ಹಿಂದೆ ಅವಳು ಮೂರು ಪುಟದ ಅರ್ಜಿ ತಂದಿದ್ದಳು. ಮುತ್ತಿನಂಥ ಅಕ್ಷರ. ಕೊನೆಯ ಸಾಲು: "ನನ್ನ ಮಾತು ನಿಂತಾಗ ದಯವಿಟ್ಟು ಕಾಯಬೇಕು. ಯಾರೂ ಪದ ಸೂಚಿಸಬಾರದು."

ಓದಿ ಅವನ ಕಣ್ಣು ಒದ್ದೆಯಾಗಿತ್ತು. ಅದು ನಿಜ. ಆಮೇಲೆ ನಮೂನೆ ತೆಗೆದ. ಕಾಯುವುದಕ್ಕೆ ಕಾಲಂ ಇರಲಿಲ್ಲ. 'ಹೆಚ್ಚುವರಿ ಸಮಯ' ಎಂಬಲ್ಲಿ ಗುರುತು ಹಾಕಿ, ಹತ್ತು ನಿಮಿಷಕ್ಕೆ ಬದಲು ಇಪ್ಪತ್ತು ಎಂದು ಬರೆದು, ಮೊಹರು ಒತ್ತಿದ. ಮೂರು ಪುಟಗಳು ಲಗತ್ತಾಗಿ ಹಿಂದೆ ಹೋದವು.

ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಎದುರು ಅವಳ ಗ್ರಹಚಾರ ನೆಟ್ಟಗಿರಲಿಲ್ಲ. ಡಾಕ್ಟರ್ ಅವಳ ಹೆಸರು ಕೇಳಿದಾಗ ಒಂದೇ ಉಸಿರಿಗೆ ಹೇಳಿಬಿಟ್ಟಳಂತೆ. ಎಂದೂ ಹೊರಡದ ಹೆಸರು ಅಂದು ಸಲೀಸಾಗಿ ಹೊರಟಿತು. ಡಾಕ್ಟರ್ 'ಅಲ್ಪ ಪ್ರಮಾಣ' ಎಂದು ಬರೆದರು. ಪ್ರಾಂಶುಪಾಲರು ಕಡತದ ಮೇಲೆ, 'ಪರೀಕ್ಷಕರ ವಿವೇಚನೆಗೆ ಬಿಡಲಾಗಿದೆ' ಎಂದು ಬರೆದು ಕೈತೊಳೆದುಕೊಂಡರು.

ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಒಳ್ಳೆಯ ಮನುಷ್ಯ. ಎಲ್ಲರಿಗೂ ಮೊದಲೇ ನಗುತ್ತಿದ್ದರು. ಅರ್ಜಿಯ ವಿಷಯ ಅವನು ತೆಗೆದಾಗ, "ಅಯ್ಯೋ, ಇಪ್ಪತ್ತಲ್ಲ, ಇಪ್ಪತ್ತೈದು ತಗೊಳ್ಳಿ. ಪಾಪ," ಎಂದರು. ಎಂದವರೇ ಕೈಗಡಿಯಾರ ನೋಡಿಕೊಂಡರು. ಮೂರು ಗಂಟೆಗೆ ಅವರಿಗೆ ಇನ್ನೊಂದು ಕಡೆ ಪರೀಕ್ಷೆಯಿತ್ತು.

ಹುಡುಗಿಯ ಸರದಿ ಬಂದದ್ದು ಹನ್ನೆರಡೂವರೆಗೆ.

"ಬಾಮ್ಮ, ಕೂತ್ಕೋ. ನಾವೇನು ಹುಲಿ ಅಲ್ಲ, ಕರಡಿ ಅಲ್ಲ," ಎಂದರು ಪರೀಕ್ಷಕರು.

ಮೊದಲ ಪ್ರಶ್ನೆ ಶಿಲೆಗಳ ವಿಂಗಡಣೆಯದು. ಅವಳು ಉತ್ತರಿಸಿದಳು. ಹನ್ನೊಂದು ನಿಮಿಷ ಹಿಡಿಯಿತು. ನಡುವೆ ಎರಡು ಸಲ ಮಾತು ನಿಂತಿತು, ಎರಡು ಸಲವೂ ಅವನು ತುಟಿ ಕಚ್ಚಿಕೊಂಡು ಕೂತ. ಪರೀಕ್ಷಕರು ಹತ್ತಕ್ಕೆ ಆರು ಹಾಕಿದ್ದು ಓರೆಗಣ್ಣಿಗೆ ಕಂಡಿತು. ಇನ್ನೆರಡು ಬಂದರೆ ಸಾಕು.

"ಈಗ ಒಂದು ಕಲ್ಲು. ಏಳನೇದು ತಗೋ."

ಬೆಳಿಗ್ಗೆ ಮೂರರಲ್ಲಿಡಬಹುದಿತ್ತು.

ಅವಳು ಬಿಳಿ ಕಲ್ಲನ್ನು ಅಂಗೈಯಲ್ಲಿ ತೂಗಿದಳು. ಬೆಳಕಿಗೆ ಹಿಡಿದು ತಿರುಗಿಸಿದಳು. "ಮೇ... ಮೇಲ್ನೋಟಕ್ಕೆ ಇದು ಮಾರ್ಬಲ್ ಥರ ಕಾಣತ್ತೆ ಸರ್..."

ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು. ಕತ್ತಿನ ನರ ಬಿಗಿಯಿತು. ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದೊಂದೇ ಮನೆ ದಾಟುತ್ತಿತ್ತು. ಐದು. ಏಳು. ಅವಳ ಎಡಗೈ ಮೇಜಿನ ತುದಿಯಲ್ಲಿದ್ದ ಗಾಜಿನ ತುಂಡಿನ ಕಡೆ ನಿಧಾನ ಹೊರಟಿತು. ಒಂಬತ್ತು. ಪರೀಕ್ಷಕರು ಪೆನ್ನಿನ ಕ್ಯಾಪು ತೆಗೆದು ಹಾಕಿದರು. ಹನ್ನೊಂದು.

"ಮಾರ್ಬಲ್ ಅಂತಿದಾಳೆ ಸರ್," ಎಂದ ಅವನು.

ಮೆಲ್ಲಗೆ, ಮಗುವಿನ ಪರವಾಗಿ ಡಾಕ್ಟರ ಎದುರು ಮಾತಾಡುವ ಹಾಗೆ ಹೇಳಿದ.

"ಮಾರ್ಬಲ್. ಸರಿ," ಎಂದು ಪರೀಕ್ಷಕರು ಬರೆದುಕೊಂಡರು. "ಆಯ್ತಮ್ಮ, ಹೋಗ್ಬಹುದು."

ಹುಡುಗಿಯ ಕೈ ಅರ್ಧದಾರಿಯಲ್ಲಿ ನಿಂತುಬಿಟ್ಟಿತು. ಅವಳು ಪರೀಕ್ಷಕರನ್ನು ನೋಡಲಿಲ್ಲ, ಅವನನ್ನು ನೋಡಿದಳು. "ಇಲ್..." ಎಂದಳು. ಅಷ್ಟರಲ್ಲಿ ಅಟೆಂಡರ್ ಬಾಗಿಲು ತೆರೆದು ಮುಂದಿನ ನಂಬರು ಕೂಗಿದ್ದ. ಅವನು ಬರೆದುಕೊಟ್ಟಿದ್ದ ಇಪ್ಪತ್ತು ನಿಮಿಷದಲ್ಲೇ ಇನ್ನೂ ಏಳು ಉಳಿದಿತ್ತು.

ಊಟದ ಬಿಡುವಿನಲ್ಲಿ ಅವಳು ಕಾರಿಡಾರಿನ ಬೆಂಚಿನಿಂದ ಎದ್ದು ಬಂದಳು. ಅವನು ಜಾಗ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ, ಅಷ್ಟು ಮರ್ಯಾದೆ ಉಳಿದಿತ್ತು.

"ಸರ್, ನಾನು ಆ... ಆ..."

ಈ ಸಲ ಕಾದ. ಎಷ್ಟು ಬೇಕಾದರೂ ಕಾಯಬಲ್ಲೆ ಎನ್ನುವಂತೆ ಕಾದ.

"ಆದ್ರೆ ಅಂತಿದ್ದೆ. ಮಾರ್ಬಲ್ ಥರ ಕಾಣತ್ತೆ, ಆದ್ರೆ ಅ... ಅಲ್ಲ. ಗಾಜು ಗೀರಿ ತೋರಿಸ್ಬೇಕು ಅಂತಿದ್ದೆ."

ಅವಳಿಗೆ ಗೊತ್ತಿರಬಹುದು ಎಂಬುದು ಆ ಹನ್ನೊಂದು ಸೆಕೆಂಡಿನಲ್ಲಿ ಅವನಿಗೆ ಹೊಳೆದಿರಲೇ ಇಲ್ಲ. ತರಗತಿಗೇ ಮೊದಲಿಗಳು, ತಾನೇ ಪಾಠ ಹೇಳಿದ್ದ ಹುಡುಗಿ. ಮಾತು ನಿಂತ ಕೂಡಲೇ ತಿಳುವಳಿಕೆಯೂ ಅಲ್ಲಿಗೇ ನಿಂತಿತೆಂದು ಅವನು ಲೆಕ್ಕ ಹಾಕಿಬಿಟ್ಟಿದ್ದ. ಕರುಣೆಯ ಹೊಟ್ಟೆಯೊಳಗೆ ಇದಿತ್ತೇ ಎಂದು ನಾಚಿಕೆಯಾಯಿತು.

"ನೀವು ನನ್ನ ಅರ್ಜಿ ಓದಿದ್ರಲ್ಲ ಸರ್," ಎಂದಳು. ಈ ವಾಕ್ಯದಲ್ಲಿ ಅವಳಿಗೆ ಎಲ್ಲೂ ತಡೆಯಲಿಲ್ಲ.

"ಅವರ ಹತ್ರ ಮಾತಾಡ್ತೀನಮ್ಮ. ನೀನು ಇಲ್ಲೇ ಇರು."

"ಕಾಯ್ತೀನಿ ಸರ್."

ಪರೀಕ್ಷಕರು ಎರಡೂಕಾಲಿಗೆ ಅಂಕಪಟ್ಟಿ ತುಂಬಿ ಅವನ ಕಡೆ ತಳ್ಳಿದರು. ಇಬ್ಬರ ಸಹಿಯೂ ಬೇಕು. ಅವಳ ಎದುರು ಆರು ಎಂದಿತ್ತು, ಶಾಯಿ ಒಣಗಿತ್ತು.

"ಹುಡುಗಿ ಜಾಣೆ ಕಣ್ರೀ," ಎಂದರು. "ಒಂದೆರಡು ಹಾಕೋಣ ಅಂದ್ಕೊಂಡೆ. ಕಲ್ಲೇ ತಪ್ಪು ಹೇಳಿದ್ಮೇಲೆ ಏನ್ ಮಾಡೋದು?"

"ಸರ್, ಆ ಕಲ್ಲಿನ ವಿಷಯ, ನಾನು..."

"ಬದಲಾಯಿಸ್ಬೇಕು ಅಂತೀರಾ? ಸರಿಯಾಗಿ ಹೇಳಿದ್ರಿ. ವರ್ಷಾ ವರ್ಷಾ ಅದೇ ಕಲ್ಲಿಟ್ರೆ ಮಕ್ಕಳು ಬಾಯಿಪಾಠ ಮಾಡ್ಕೊಂಡ್ ಬರ್ತಾರೆ."

ಈಗಲೂ ಹೇಳಬಹುದಿತ್ತು. ಅಲ್ಲ ಸರ್, ಅದು ಅವಳ ಉತ್ತರವಲ್ಲ, ನನ್ನದು. ಇಷ್ಟೇ. ಇಷ್ಟು ಹೇಳಿದರೆ ಪರೀಕ್ಷೆಯ ನಡುವೆ ಬಾಯಿ ಹಾಕಿದ್ದೇಕೆ ಎಂದು ಕೇಳುತ್ತಾರೆ. ವಿಚಾರಣೆ ಆಗುತ್ತದೆ. ಗಾಜಿನ ಕೆಳಗಿನ ಆದೇಶದ ಜಾಗದಲ್ಲಿ ಇನ್ನೊಂದು ಕಾಗದ ಬರುತ್ತದೆ. ಅವನಿಗೆ ಹೆದರಿಕೆಯಾಯಿತು. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

"ಹೌದು ಸರ್, ಅದೇ," ಎಂದ.

ಸಹಿ ಹಾಕಿದ. ಪರೀಕ್ಷಕರು ಲಕೋಟೆಗೆ ಅಂಟು ಸವರಿ, ಅಂಗೈಯಿಂದ ಒತ್ತಿ ಒತ್ತಿ ಮುಚ್ಚಿದರು. ಹೋಗುವಾಗ ಅವನ ಹೆಗಲು ತಟ್ಟಿದರು. "ಇಂಥ ಮಕ್ಕಳಿಗೆ ನಿಮ್ಮಂಥೋರು ಇರ್ಬೇಕು," ಎಂದರು.

ಅವನು ಕಾರಿಡಾರಿನ ಕಡೆ ಹೋಗಲಿಲ್ಲ. ಪ್ರಯೋಗಾಲಯದ ಒಳಬಾಗಿಲಿನಿಂದ ತನ್ನ ಮೇಜಿಗೆ ಬಂದ. ಬಿಳಿ ಹಾಳೆ ತೆಗೆದು, 'ಪರೀಕ್ಷಾಂಗ ಕುಲಸಚಿವರಿಗೆ' ಎಂದು ಬರೆದ. ಕೆಳಗೆ 'ನಾನು' ಎಂದು ಬರೆದ. ನಾಲ್ಕು ಗಂಟೆಯಾಯಿತು. ಹೆಂಡತಿ ಈಗ ಹೊರಟಿರಬಹುದು. ನಂಗೆ ಭಯ ಆಗ್ತಿದೆ ಎನ್ನಲಿದ್ದಳೋ, ನಂಗೆ ಜೊತೆಗೆ ನೀವು ಬೇಕು ಎನ್ನಲಿದ್ದಳೋ. ಫೋನ್ ಮಾಡಿದ. ಎತ್ತಲಿಲ್ಲ. ಹಾಳೆಯಲ್ಲಿ 'ನಾನು' ಒಂಟಿಯಾಗಿ ಕೂತಿತ್ತು. ಮಡಚಿ ಡ್ರಾಯರಿಗೆ ಹಾಕಿದ.

ಏಳನೆಯ ಕಲ್ಲು ಅವನ ಕೈಯಲ್ಲೇ ಇತ್ತು. ಯಾವಾಗ ಎತ್ತಿಕೊಂಡನೋ ತಿಳಿಯದು. ಅದರ ಚೂಪು ಅಂಚನ್ನು ಮೇಜಿನ ಗಾಜಿಗೆ ಒತ್ತಿ ಎಳೆದ. ಕಿರ್ರೆಂದಿತು. ಒಂದು ಬಿಳಿ ಗೀರು ಗಾಜಿನ ಮೇಲೆ, ಕೆಳಗಿದ್ದ ಆದೇಶದ ಆ ತುದಿಯಿಂದ ಈ ತುದಿಗೆ ಹಾಯಿತು. ಉತ್ತರ ಸರಿಯಾಗಿತ್ತು. ಪೂರ್ತಿ ಅಂಕ.

ಐದಕ್ಕೆ ಅಟೆಂಡರ್ ಬೀಗದ ಗೊಂಚಲು ಹಿಡಿದು ಬಂದ. ಹೆಚ್ಚು ಮಾತಾಡದ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮೇಜು ಒರೆಸತೊಡಗಿದವನು ಗೀರಿನ ಬಳಿ ಬಟ್ಟೆ ನಿಲ್ಲಿಸಿದ.

"ಕೂದಲೆಳೆ ಅಂದ್ಕೊಂಡೆ ಸಾರ್," ಎಂದು ಮತ್ತೆ ಒರೆಸಿದ. ಬಾಯಿಂದ ಹಬೆ ಊದಿ ಒರೆಸಿದ. ಉಗುರಿನಿಂದ ಕೆರೆದು ನೋಡಿ ಬಿಟ್ಟ.

"ಆ ಹುಡುಗಿ ಇನ್ನೂ ಬೆಂಚಿನ ಮೇಲೆ ಕೂತಿದೆ ಸಾರ್. ಊಟಕ್ಕೂ ಹೋಗಿಲ್ಲ. ಬೀಗ ಹಾಕ್ಬೇಕು ಹೋಗಮ್ಮ ಅಂದೆ. ಸಾರ್ ಇರು ಅಂದಿದಾರೆ ಅಂತು. ಏನಂತ ಹೇಳ್ಲಿ?"

ಅವನು ಬಾಯಿ ತೆರೆದ.

ಅಟೆಂಡರಿಗೆ ಅವಸರವಿರಲಿಲ್ಲ. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಅವನ ಮುಖವನ್ನೇ ನೋಡುತ್ತ ನಿಂತ. ಗೋಡೆಯ ಗಡಿಯಾರದಲ್ಲಿ ಮುಳ್ಳು ಹನ್ನೊಂದು ಸೆಕೆಂಡು ದಾಟಿತು. ಇಪ್ಪತ್ತು ದಾಟಿತು. ತೆರೆದ ಬಾಯಿ ತೆರೆದೇ ಇತ್ತು. ಯಾರೂ ಪದ ಸೂಚಿಸಲಿಲ್ಲ.