ಬ್ರೇಕ್ ಮೇಷ್ಟ್ರ ಹಟ

ನನ್ನ ಗಂಡನಿಗೆ ಊರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಕಾರು ಕಲಿಸುವುದು ಅವರ ಕಸುಬು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲಿಟ್ಟ ಬಲಗಾಲನ್ನು ಇವರು ಎತ್ತುವುದೇ ಅಪರೂಪ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾರೆ, ಸಿನಿಮಾದಲ್ಲಿ ಲಾರಿ ಬಂದರೂ ಒತ್ತುತ್ತಾರೆ. ಮನೆಯಲ್ಲಿ ನಾನು ಬಾಯಿ ತೆರೆದರೂ ಒತ್ತುತ್ತಾರೆ ಅನ್ನಿ, ಅದು ಬೇರೆ ವಿಷಯ.

ಹನ್ನೆರಡನೇ ತರಗತಿ ಮುಗಿಸಿದ ಮಗಳು ವಿಮಾನದ ಪೈಲಟ್ ಆಗುತ್ತೇನೆ ಅಂದಾಗಲೂ ಅದೇ ಆಯಿತು. ಮೊದಲು ಡಿಗ್ರಿ, ಆಮೇಲೆ ಬೇಕಾದರೆ ಚಂದ್ರಲೋಕಕ್ಕೆ ಹೋಗು ಅಂದುಬಿಟ್ಟರು. ಮಗಳು ಪಾಪ, ಎಲ್ಲ ವಿಚಾರಿಸಿಕೊಂಡೇ ಬಂದಿದ್ದಳು. ಲೈಸೆನ್ಸಿಗೆ ಫಿಸಿಕ್ಸು, ಗಣಿತ ಓದಿದ ಹನ್ನೆರಡನೇ ತರಗತಿ ಸಾಕು. ಡಾಕ್ಟರು ಹೂಂ ಅನ್ನಬೇಕು, ಹಾರಾಟದ ಶಾಲೆಯಲ್ಲಿ ಕಲಿಯಬೇಕು. ಡಿಗ್ರಿ ಕೇಳುವ ಕಂಪನಿಗಳೂ ಇವೆ, ಕೇಳದವೂ ಇವೆ. ಪ್ರವೇಶ ಪರೀಕ್ಷೆ ಬರೆದು ಶಾಲೆಯಲ್ಲಿ ಸೀಟನ್ನೂ ಗಿಟ್ಟಿಸಿಕೊಂಡಿದ್ದಳು. ತಿಂಗಳ ಕೊನೆಯೊಳಗೆ ಅಪ್ಪ ಒಪ್ಪದಿದ್ದರೆ ಅದು ಇನ್ಯಾರದೋ ಪಾಲು.

ಇವರದೋ ಹಿಡಿದ ಮೊಲಕ್ಕೆ ಮೂರೇ ಕಾಲು. ಕಾರಣ ನನಗೆ ಗೊತ್ತಿತ್ತು. ಹಿಂದೊಮ್ಮೆ ಸಾರಿಗೆ ಕಚೇರಿಯಲ್ಲಿ ಲೈಸೆನ್ಸ್ ಪರೀಕ್ಷಕರ ಹುದ್ದೆ ಖಾಲಿ ಇದೆ ಅಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದರು. ಡಿಗ್ರಿ ಇಲ್ಲ ಅಂತ ಬಾಗಿಲಲ್ಲೇ ವಾಪಸ್ಸು ಕಳಿಸಿದರು. ಆ ಕುರ್ಚಿಯಲ್ಲಿ ಈಗ ಕೂತವನು ಇವರ ಹತ್ತಿರವೇ ಕ್ಲಚ್ ಬಿಡುವುದನ್ನು ಕಲಿತವನು. ಪ್ರತಿ ಸಲ ಶಿಷ್ಯರನ್ನು ಪರೀಕ್ಷೆಗೆ ಕರೆದುಕೊಂಡು ಹೋದಾಗ ಅವನಿಗೆ ನಮಸ್ಕಾರ ಸಾರ್ ಅನ್ನಬೇಕು. ಅಂದು ರಾತ್ರಿ ಮನೆಯಲ್ಲಿ ಊಟ ಸೇರುವುದಿಲ್ಲ. ಅದಕ್ಕೆಲ್ಲ ಮಗಳು ಯಾಕೆ ದಂಡ ತೆರಬೇಕು ಅಂತ ನನಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಒಂದು ದಾರಿ ಹುಡುಕಿದೆ. ಆ ಶಾಲೆಯವರು ಸೇರುವ ಮುಂಚೆ ಒಂದು ಸಲ ವಿಮಾನದಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಮನೆಯವರೂ ಹಿಂದೆ ಕೂರಬಹುದು. ಇವರು ತಟ್ಟನೆ ಒಪ್ಪಿಕೊಂಡರು. ಮೇಲೆ ಹೋಗಿ ಒಂದು ಸಲ ವಾಂತಿ ಮಾಡಿಕೊಂಡರೆ ಮಗಳಿಗೆ ಹಿಡಿದ ಭೂತ ತಾನಾಗಿ ಇಳಿಯುತ್ತದೆ ಅನ್ನುವುದು ಅವರ ಲೆಕ್ಕಾಚಾರ.

ವಿಮಾನ ನೋಡಿದರೆ ನಾಲ್ಕೇ ಸೀಟು, ನಮ್ಮ ಕಾರಿಗಿಂತ ಇಕ್ಕಟ್ಟು. ಮುಂದೆ ಮಗಳು, ಅವಳ ಪಕ್ಕ ಕಲಿಸುವ ಮೇಡಂ. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಇಬ್ಬರ ಮುಂದೆಯೂ ಒಂದೊಂದು ಹಿಡಿ, ಕಾಲ ಬುಡದಲ್ಲಿ ಒಂದೊಂದು ಜೊತೆ ಪೆಡಲು. ಅದನ್ನು ಕಂಡು ಇವರ ಮುಖ ಅರಳಿತು. ನಮ್ಮ ಗಾಡಿ ಥರಾನೇ ಅಂತ ನನ್ನ ಕಿವಿಯಲ್ಲಿ ಹೇಳಿದರು.

ಮೇಲೇರಿಸುವವರೆಗೆ ಎಲ್ಲ ಮೇಡಂ ಕೈಯಲ್ಲೇ ಇತ್ತು. ಊರು ಕೆಳಗೆ ಚಿಕ್ಕದಾಗಿ, ವಿಮಾನ ಸಮನಾದ ಮೇಲೆ, ಈಗ ನೀನು ಹಿಡಿ ಅಂತ ಮಗಳಿಗೆ ಹೇಳಿದರು. ಅಷ್ಟರಲ್ಲಿ ಗಾಳಿ ನೂಕಿ ಎಡ ರೆಕ್ಕೆ ಕೆಳಕ್ಕೆ ವಾಲಿತು. ಇವರ ಕಾಲು ಧಡ್ ಅಂತ ನೆಲಕ್ಕೆ ಬಿತ್ತು. ಮೇಡಂ ತಿರುಗಿ, ಹಿಂದೆ ಏನಾದರೂ ತೊಂದರೆಯಾ ಅಂತ ಕೇಳಿದರು. ಇವರು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿ, "ಇಲ್ಲ ಮೇಡಂ, ಬ್ರೇಕ್ ಹಾಕ್ದೆ" ಅಂದರು.

ಮಗಳು ಮಾತ್ರ ತಿರುಗಲಿಲ್ಲ. ನಿಧಾನವಾಗಿ ರೆಕ್ಕೆ ಸರಿಮಾಡಿದಳು. ಆಮೇಲೆ ಮೇಡಂ ಹೇಳಿದ ಕಡೆ ತಿರುಗಿಸಿದಳು, ಮತ್ತೆ ನೇರ ಮಾಡಿದಳು. ವಾಂತಿಗೆ ಅಂತ ಇಟ್ಟಿದ್ದ ಚೀಲ ಬೇಕಾದದ್ದು ನನಗೆ, ಅವಳಿಗಲ್ಲ. ಚೀಲದಿಂದ ತಲೆ ಎತ್ತಿ ನೋಡುತ್ತೇನೆ, ಇವರು ಕಿಟಕಿಯ ಆಚೆಯನ್ನೂ ನೋಡುತ್ತಿಲ್ಲ, ಮಗಳನ್ನೂ ನೋಡುತ್ತಿಲ್ಲ. ಎರಡು ಸೀಟಿನ ನಡುವೆ ಕತ್ತು ತೂರಿಸಿ ಮೇಡಂ ಕಾಲು ನೋಡುತ್ತಿದ್ದಾರೆ. ಆ ಕಾಲು ಪೆಡಲಿನ ಮೇಲಿರಲಿಲ್ಲ. ಹಿಂದಕ್ಕೆ ಎಳೆದುಕೊಂಡು ಆರಾಮಾಗಿ ಇಟ್ಟುಕೊಂಡಿದ್ದರು, ಕೈ ಎರಡೂ ಮಡಿಲಲ್ಲಿ. ವಿಮಾನ ನಮ್ಮ ಮಗಳೊಬ್ಬಳ ಕೈಯಲ್ಲಿ ಹೋಗುತ್ತಿತ್ತು. ಇವರು ಮೆಲ್ಲಗೆ ಹಿಂದಕ್ಕೆ ಒರಗಿ ಕೂತರು.

ಕೆಳಗಿಳಿದ ಮೇಲೆ ಶೆಡ್ಡಿನ ಪಕ್ಕದ ಬೆಂಚಿನಲ್ಲಿ ಚಹಾ ಕೊಟ್ಟರು. ಮಗಳು ಸ್ವಲ್ಪ ದೂರದಲ್ಲಿ, ಅಪ್ಪ ಏನು ಹೇಳುತ್ತಾರೋ ಅಂತ ಉಗುರು ಕಚ್ಚುತ್ತಾ ಕೂತಿದ್ದಳು. ಇವರು ಲೋಟ ಹಿಡಿದುಕೊಂಡೇ ಕೇಳಿದರು:

"ಮೇಡಂ, ನಾನೂ ಕಲಿಸೋನು. ಕಾಲು ತೆಗೆಯೋಕೆ ನನಗೆ ವಾರಗಟ್ಟಲೆ ಧೈರ್ಯ ಬರಲ್ಲ. ನೀವು ಮೊದಲನೇ ದಿನಾನೇ ತೆಗೆದ್ರಿ?"

"ರೆಕ್ಕೆ ವಾಲಿದಾಗ ಅವಳು ಗಾಬರಿಯಾಗಿ ಎಳೆದಾಡಲಿಲ್ಲ. ಅದಕ್ಕೆ ತೆಗೆದೆ" ಅಂದರು ಮೇಡಂ.

ಆಮೇಲೆ ಡಿಗ್ರಿಯ ಮಾತು ಬಂತು. ಮೇಡಂ ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಹಾರುವುದಕ್ಕೆ ಡಿಗ್ರಿ ಬೇಕಿಲ್ಲ, ಆದರೆ ನಾಳೆ ಕಣ್ಣೋ ಕಿವಿಯೋ ಕೈಕೊಟ್ಟು ನೆಲದ ಮೇಲೆ ಕೂರಬೇಕಾಗಿ ಬಂದರೆ ಅದು ಕೈಹಿಡಿಯುತ್ತದೆ ಅಂದರು. ತಾವು ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲೇ ಕೂತು, ಪಾಠಗಳನ್ನು ಅಂಚೆಯಲ್ಲಿ ತರಿಸಿಕೊಂಡು ಡಿಗ್ರಿ ಮಾಡಿದರಂತೆ.

ಇವರು ಬಹಳ ಹೊತ್ತು ಚಹಾ ಊದುತ್ತಾ ಕೂತರು. ಅದು ಆರಿ ತಣ್ಣಗಾಗಿ ಯಾವ ಕಾಲವಾಗಿತ್ತೋ.

"ಡಿಗ್ರಿ ಅಂಚೆಯಲ್ಲಿ ಬರುತ್ತೆ. ವಿಮಾನ ಬರಲ್ಲ. ನೀನು ಇಲ್ಲಿಗೇ ಸೇರ್ಕೋ ಪುಟ್ಟಿ" ಅಂದರು ಮಗಳ ಕಡೆ ತಿರುಗಿ.

ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟಕ್ಕೆ ಇವರು ಏಳುತ್ತಾರೆ ಅಂದುಕೊಂಡೆ. ಏಳಲಿಲ್ಲ. ಕತ್ತು ತುರಿಸಿಕೊಂಡರು, ಲೋಟ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು.

"ಆ ಅಂಚೆ ಡಿಗ್ರಿಗೆ ವಯಸ್ಸಿನ ಮಿತಿ ಏನಾದ್ರೂ ಇದೆಯಾ ಮೇಡಂ?"

ಇಷ್ಟು ಚಿಕ್ಕ ಹುಡುಗಿಗೆ ಎಂಥ ಮಿತಿ ಅಂತ ಮೇಡಂ ನಕ್ಕರು.

"ಅವಳಿಗಲ್ಲ" ಅಂದರು ಇವರು.

ಮೇಡಂ ನಗು ನಿಲ್ಲಿಸಿ, ಅಂಥ ಮಿತಿಯೇನೂ ಇಲ್ಲ ಸಾರ್ ಅಂದರು. ಇಷ್ಟು ವರ್ಷ ಅವರ ಜೊತೆ ಬಾಳಿದ ನನಗೆ ಈ ಆಸೆ ಹೊಳೆದೇ ಇರಲಿಲ್ಲ. ಮಗಳು ಎದ್ದು ಬಂದು ಅಪ್ಪನಿಗೆ ಅಂಟಿಕೊಂಡು ಕೂತಳು.

"ಗಣಿತ ಮಾತ್ರ ತಗೋಬೇಡಪ್ಪ, ತುಂಬಾ ಕಷ್ಟ" ಅಂದಳು. "ಇತಿಹಾಸ ತಗೋ, ನಾನು ರಜೆಗೆ ಬಂದಾಗಲೆಲ್ಲ ಪಾಠ ಒಪ್ಪಿಸಿಕೊಳ್ತೀನಿ."