ಮುಖ ನೋಡದ ಹಲ್ಲುಗಳು

ಗಿರಣಿಯಕ್ಕನಿಗೂ ಲೆಕ್ಕಕ್ಕೂ ಚಿಕ್ಕಂದಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಶಾಲೆಯಲ್ಲಿ ಲೆಕ್ಕದ ಪೀರಿಯಡ್ ಬಂತೆಂದರೆ ಅವಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು, ಗಂಟೆ ಹೊಡೆದ ಕೂಡಲೇ ವಾಸಿಯಾಗುತ್ತಿತ್ತು. ಆದರೆ ಯಂತ್ರವೆಂದರೆ ಅವಳಿಗೆ ಪ್ರಾಣ. ಮಾವನ ಕಾಲದ ಹಿಟ್ಟಿನ ಗಿರಣಿಯನ್ನು ಈಗ ಅವಳೇ ನಿಂತು ನಡೆಸುತ್ತಿದ್ದಳು. ಹೊರಗೆ ನಿಂತು ಸದ್ದು ಕೇಳಿಯೇ ಕಲ್ಲಿನೊಳಗೆ ಗೋಧಿ ಇದೆಯೋ ಜೋಳ ಇದೆಯೋ ಹೇಳಬಲ್ಲಳು.

ತಂಗಿ ಇದಕ್ಕೆ ತದ್ವಿರುದ್ಧ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು; ಮನೆಯ ಮಿಕ್ಸಿ ನಿಂತರೆ ಅಕ್ಕನಿಗೆ ಫೋನು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಬೆಟ್ಟದಷ್ಟು ಪ್ರೀತಿ. ಆದರೂ ಮಕ್ಕಳು, ಅಡುಗೆ, ಮಂಡಿನೋವು ಇವಿಷ್ಟು ಮುಗಿದ ಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚುತ್ತಿರಲಿಲ್ಲ.

ಆ ರಜೆಯಲ್ಲಿ ತಂಗಿ ಬಂದಾಗ ಗಿರಣಿ ಕೆಮ್ಮುತ್ತಿತ್ತು. ಮೋಟರಿನ ದಂಡಕ್ಕೆ ಒಂದು ಸಣ್ಣ ಹಲ್ಲಿನ ಚಕ್ರ. ಅದು ಕಲ್ಲನ್ನು ತಿರುಗಿಸುವ ದೊಡ್ಡ ಚಕ್ರಕ್ಕೆ ಹಲ್ಲು ಕೊಟ್ಟು ಓಡುತ್ತದೆ. ಸಣ್ಣ ಚಕ್ರದ ಒಂದು ಹಲ್ಲು ಚಕ್ಕೆ ಎದ್ದು ಬಹಳ ಕಾಲವಾಗಿತ್ತು. ಅಕ್ಕ ಅದನ್ನು ಕಂಡುಹಿಡಿದು, ಲೇತ್ ಮೇಸ್ತ್ರಿಯಿಂದ ಅಂಥದ್ದೇ ಹೊಸ ಚಕ್ರ ಮಾಡಿಸಿ ಕೂರಿಸಿದ್ದಳು. ಆದರೂ ನಡುನಡುವೆ ಟಕ್ಕೆನ್ನುವ ಸದ್ದು ಹೋಗಿರಲಿಲ್ಲ.

ಬೆಳಗಿನ ಕೆಲಸ ಮುಗಿಸಿ, ಕರೆಂಟು ತೆಗೆದು, ಅಕ್ಕ ಮುಚ್ಚಳ ಬಿಚ್ಚಿದಳು. ಸುಮ್ಮನೆ ಕೂರಲಾರದ ತಂಗಿ ಸೆರಗು ಸಿಕ್ಕಿಸಿ ಸೀಮೆಎಣ್ಣೆ ಬಟ್ಟೆ ಹಿಡಿದಳು. ದೊಡ್ಡ ಚಕ್ರದ ಗ್ರೀಸು ಒರೆಸಿದಂತೆಲ್ಲ ಕೆಲವು ಹಲ್ಲುಗಳು ಸವೆದು ಮೊಂಡಾಗಿರುವುದು ಕಂಡಿತು. ಕಂಡದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದ ತಂಗಿ, ಒಂದು ಸುತ್ತು ಮುಗಿಯುವ ಹೊತ್ತಿಗೆ ಕೈ ನಿಲ್ಲಿಸಿದಳು. ಒಂದು ಸವೆದ ಹಲ್ಲು, ಆಮೇಲೆ ಐದು ಹೊಸದರಂತಿರುವ ಹಲ್ಲು, ಮತ್ತೆ ಒಂದು ಸವೆದದ್ದು, ಮತ್ತೆ ಐದು ಹೊಸದು. ಸುತ್ತಲೂ ಹೀಗೆಯೇ, ಒಂದೂ ತಪ್ಪದೆ.

ಎರಕ ಹೊಯ್ದವನ ಕೈಗುಣ ಎಂದು ಅಕ್ಕ ಗೊಣಗಿದಳು. ತಂಗಿ ಮಾತ್ರ ಚಕ್ರದಿಂದ ಕಣ್ಣು ಕೀಳಲಿಲ್ಲ.

"ಅಕ್ಕಾ, ಇದರ ಹಲ್ಲು ಎಣಿಸಿದೀಯಾ?"

"ಅದೇನು ಎತ್ತಾ, ಹಲ್ಲು ಎಣಿಸಿ ವಯಸ್ಸು ಹೇಳೋಕೆ?"

ತಂಗಿಯೇ ಎಣಿಸಿದಳು. ದೊಡ್ಡದಕ್ಕೆ ನಲವತ್ತೆರಡು, ಸಣ್ಣದಕ್ಕೆ ಮೂವತ್ತು. ಎರಡನ್ನೂ ನೆಲದ ಮೇಲೆ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಹೋಗುವುದು, ಎರಡೂ ಒಂದೇ ಆದಾಗ ನಿಲ್ಲುವುದು, ಇಷ್ಟೇ ಉಪಾಯ ಎಂದಳು. ನಲವತ್ತೆರಡರಲ್ಲಿ ಮೂವತ್ತು ಹೋದರೆ ಹನ್ನೆರಡು. ಮೂವತ್ತರಲ್ಲಿ ಹನ್ನೆರಡು ಹೋದರೆ ಹದಿನೆಂಟು, ಇನ್ನೊಮ್ಮೆ ಹೋದರೆ ಆರು. ಹನ್ನೆರಡರಲ್ಲಿ ಆರು ಹೋದರೆ ಆರು. ಅತ್ತಲೂ ಆರು, ಇತ್ತಲೂ ಆರು.

"ಎರಡನ್ನೂ ಶೇಷ ಉಳಿಯದ ಹಾಗೆ ಭಾಗಿಸೋ ಅತಿ ದೊಡ್ಡ ಸಂಖ್ಯೆ ಇದು. ಮಹತ್ತಮ ಸಾಮಾನ್ಯ ಅಪವರ್ತನ," ಎಂದಳು ತಂಗಿ. ಅವಳ ದನಿ ಪಾಠದ ದನಿಯಾಗಿರಲಿಲ್ಲ. "ಪ್ರತಿ ವರ್ಷ ಬೋರ್ಡ್ ಮೇಲೆ ಬರೀತೀನಿ. ಕಬ್ಬಿಣದ ಮೇಲೆ ಬರೆದಿರೋದನ್ನ ಇವತ್ತೇ ನೋಡಿದ್ದು."

ಅಕ್ಕ ನೆಲ ನೋಡಿದಳು, ಚಕ್ರ ನೋಡಿದಳು. ಆರನೆಯದು, ಮತ್ತೆ ಆರನೆಯದು.

ತಂಗಿ ಬಿಡಿಸಿ ಹೇಳಿದಳು. ಸಣ್ಣದು ಒಂದು ಸುತ್ತು ಬಂದರೆ ದೊಡ್ಡದು ಮೂವತ್ತು ಹಲ್ಲು ಸರಿಯುತ್ತದೆ. ಅಂದರೆ ಆರರ ಐದು ಗುಂಪು. ದೊಡ್ಡದರ ಪೂರಾ ಸುತ್ತೆಂದರೆ ಆರರ ಏಳು ಗುಂಪು. ಆರಾರು ಹಲ್ಲು ದಾಟಿಯೇ ಹೆಜ್ಜೆ ಇಡುವ ಆ ಮುರುಕು ಹಲ್ಲು ನಡುವೆ ಕಾಲೂರುವುದಾದರೂ ಹೇಗೆ? ಆ ಏಳು ಹಲ್ಲುಗಳನ್ನೇ ಅದು ಕಡಿದು ತಿಂದಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಜಾತಿ ಅಕ್ಕನದು. ಬಾಗಿಲಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ ತಂದು ಸಣ್ಣ ಚಕ್ರದ ಒಂದೇ ಹಲ್ಲಿಗೆ ಬಳಿದು, ಕೈಯಿಂದ ತಿರುಗಿಸತೊಡಗಿದಳು. ದೊಡ್ಡ ಚಕ್ರದಲ್ಲಿ ಒಂದು ಹಲ್ಲು ಕೆಂಪಾಯಿತು, ಆಮೇಲೆ ದೂರದ ಇನ್ನೊಂದು, ಮತ್ತೊಂದು. ಏಳಾದವು. ಬಣ್ಣ ಒಣಗದಂತೆ ಮತ್ತೆ ಬಳಿದು, ಹೆಗಲು ಬಿದ್ದುಹೋಗುವವರೆಗೆ ತಿರುಗಿಸಿದಳು. ಎಂಟನೆಯದು ಕೆಂಪಾಗಲೇ ಇಲ್ಲ. ಬಾಗಿಲಲ್ಲಿ ಚೀಲ ಹಿಡಿದು ಬಂದ ಪಕ್ಕದ ಮನೆಯ ಅಜ್ಜಿಗೆ, ಸಂಜೆ ಬಾ ಅಂತ ಹೇಳಲೂ ಅವಳಿಗೆ ನೆನಪಾಗಲಿಲ್ಲ.

"ಮಾವನ ಕಾಲದಿಂದ ಒಟ್ಟಿಗೆ ತಿರುಗ್ತಾ ಇದಾವೆ," ಎಂದಳು ನೆಲದ ಮೇಲೆ ಕೂತು. "ಎಷ್ಟೋ ಹಲ್ಲು ಒಂದಿನಾನೂ ಒಂದರ ಮುಖ ಇನ್ನೊಂದು ನೋಡಿಲ್ವಲ್ಲೇ."

ಆಮೇಲೆ ಅಕ್ಕ ಕೇಳಿದ ಪ್ರಶ್ನೆ ತಂಗಿಯನ್ನು ಎದ್ದು ಕೂರುವಂತೆ ಮಾಡಿತು. ಸಣ್ಣದಕ್ಕೆ ಒಂದು ಹಲ್ಲು ಜಾಸ್ತಿ ಇಡಿಸಿದರೆ?

ಮೂವತ್ತೊಂದು. ಈ ಸಲ ಸೀಮೆಸುಣ್ಣ ಅಕ್ಕನ ಕೈಗೇ ಬಂತು. ಹನ್ನೊಂದು, ಇಪ್ಪತ್ತು, ಒಂಬತ್ತು, ಎರಡು... ಬೆರಳು ಮಡಚುತ್ತ ನಿಧಾನವಾಗಿ ಕಳೆದಳು. ಕೊನೆಗೆ ಅತ್ತಲೂ ಒಂದು, ಇತ್ತಲೂ ಒಂದು ಉಳಿಯಿತು.

"ಒಂದು ಅಂದ್ರೆ?"

"ಒಂದು ಅಂದ್ರೆ, ಎಲ್ಲವೂ ಎಲ್ಲವನ್ನೂ ಮುಟ್ಟುತ್ತೆ. ಒಂದನ್ನೂ ಬಿಡಲ್ಲ."

ಲೇತ್ ಮೇಸ್ತ್ರಿ ಮೊದಲು ನಕ್ಕ. ನೆಲದ ಮೇಲಿನ ಲೆಕ್ಕ ನೋಡಿದ ಮೇಲೆ ಚಕ್ರ ಮಾಡಿಕೊಟ್ಟ. ಸವೆದ ಹಲ್ಲುಗಳಿಗೆ ಬೆಸುಗೆ ತುಂಬಿ ಅರದಿಂದ ಉಜ್ಜಿದ. ಮೋಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಹೊಸ ಚಕ್ರ ಕೂರಿಸಿದರು. ಹಳೆಯ ಬಣ್ಣವನ್ನೆಲ್ಲ ಒರೆಸಿ, ಅಕ್ಕ ಮತ್ತೆ ಒಂದೇ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದಳು. ಕೆಂಪು ಈ ಸಲ ನಿಲ್ಲಲಿಲ್ಲ. ಇಲ್ಲೊಂದು ಅಲ್ಲೊಂದು ಎಂದು ಹರಡುತ್ತ, ಬಿಟ್ಟ ಜಾಗಕ್ಕೆಲ್ಲ ಮರಳಿ ಬರುತ್ತ, ಇಡೀ ಚಕ್ರವನ್ನು ತುಂಬಿತು. ಮೇಸ್ತ್ರಿ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಈ ಲೆಕ್ಕಾನ ಹೀಗೆ ಮಾಡಿಟ್ಟವರು ಯಾರೇ?" ಅಕ್ಕ ಮೆಲ್ಲಗೆ ಕೇಳಿದಳು.

"ಯಾರೂ ಅಲ್ಲಕ್ಕಾ. ಚಕ್ರ, ಕಬ್ಬಿಣ ಇವೆಲ್ಲ ಹುಟ್ಟೋಕೆ ಮುಂಚೇನೂ ಇದು ಹೀಗೇ ಇತ್ತು."

ಗಿರಣಿ ಶುರುವಾಯಿತು. ಸದ್ದು ಒಂದೇ ಸಮನೆ, ಎಲ್ಲೂ ಎಡವದೆ ಬಂತು. ಗೋಧಿ ಸುರಿಯುತ್ತಿದ್ದ ಅಕ್ಕ ಹಿಟ್ಟು ಮೆತ್ತಿದ ಮುಖವನ್ನು ತಂಗಿಯ ಕಿವಿಯ ಬಳಿ ತಂದು, ಇನ್ನೆರಡು ಸಂಖ್ಯೆ ಕೊಡು, ಕಷ್ಟದ್ದೇ ಇರಲಿ, ಎಂದು ಕೇಳಿದಳು.