ಡಾರ್ಕ್‌ರೂಮಿನಲ್ಲಿ ಎರಡು ದಿನ

ಬೆಳಕಿನ ಬಗ್ಗೆ ಯಾರಾದರೂ ನನಗೆ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತದೆ. ಮೂವತ್ತೆಂಟು ವರ್ಷ ಫೋಟೋ ತೊಳೆದವನು ನಾನು. ಜನರೆಲ್ಲ ಮೊಬೈಲಿನಲ್ಲೇ ಚಿತ್ರ ಹೊಡೆದುಕೊಳ್ಳುವ ಕಾಲ ಬಂದರೂ ಮನೆಗೆ ಅಂಟಿಕೊಂಡಿರುವ ಸ್ಟುಡಿಯೋದ ಹಿಂದಿನ ಡಾರ್ಕ್‌ರೂಮನ್ನು ಮುಚ್ಚಲಿಲ್ಲ. ಅಂಥವನಿಗೆ ಆಸ್ಪತ್ರೆಯ ನರ್ಸಮ್ಮ ಕಾಗದ ಹಿಡಿದು ಪಾಠ ಶುರು ಮಾಡಿದಳು.

ನನ್ನ ಹೆಂಡತಿಗೆ ಅನ್ನನಾಳದಲ್ಲಿ ಕ್ಯಾನ್ಸರ್ ಗಡ್ಡೆ. ನೀರನ್ನೂ ಚಮಚದಲ್ಲಿ ಕುಡಿಯುವ ಸ್ಥಿತಿ. ಅವತ್ತು ಬೆಳಿಗ್ಗೆ ಅವಳ ತೋಳಿಗೆ ಒಂದು ಔಷಧಿ ಏರಿಸಿದ್ದರು. ಅದು ಮೈಯೆಲ್ಲ ಹರಡಿ, ಗಡ್ಡೆಯೊಳಗೆ ಹೆಚ್ಚಾಗಿ ಉಳಿದುಕೊಳ್ಳುತ್ತದಂತೆ. ಎರಡು ದಿನ ಬಿಟ್ಟು ಗಂಟಲಿಗೆ ಕೊಳವೆ ಇಳಿಸಿ ಬೆಳಕು ಬಿಟ್ಟರೆ, ಔಷಧಿ ಎಚ್ಚರಗೊಂಡು ಗಡ್ಡೆಯನ್ನು ಸುಡುತ್ತದಂತೆ. ಚರ್ಮದಲ್ಲೂ ಅದೇ ಔಷಧಿ ಇರುವುದರಿಂದ ಅಲ್ಲಿಯವರೆಗೆ, ಆಮೇಲೂ ಕೆಲವು ವಾರ, ಮೈಮೇಲೆ ಜೋರು ಬೆಳಕು ಬೀಳಬಾರದು.

"ಬಿಸಿಲು ಬೇಡವೇ ಬೇಡ. ಮನೆಯೊಳಗೆ ಸಾಧಾರಣ ಬೆಳಕಿದ್ರೆ ಪರವಾಗಿಲ್ಲ. ಆದ್ರೆ ಹತ್ತಿರದಲ್ಲಿ ಯಾವ ದೀಪಾನೂ..." ಅಂದಳು ನರ್ಸಮ್ಮ.

"ಅದನ್ನ ನನಗೆ ಬಿಡಿ ತಾಯಿ. ನನ್ನ ಹೊಟ್ಟೆಪಾಡೇ ಅದು," ಅಂತ ಮಾತು ಕತ್ತರಿಸಿದೆ.

"ಇವರು ಬೆಳಕನ್ನ ಡಬ್ಬಿಯಲ್ಲಿ ಮುಚ್ಚಿಡೋರು, ಬಿಡಿ," ಅಂತ ನನ್ನವಳು ನಕ್ಕಳು.

ಕಪ್ಪು ಬಟ್ಟೆ ಹೊದಿಸಿ ಮನೆಗೆ ಕರೆತಂದು, ಡಾರ್ಕ್‌ರೂಮಿನಲ್ಲಿ ಮಂಚ ಹಾಕಿಕೊಟ್ಟೆ. ಕೆಂಪು ದೀಪ ಹಚ್ಚಿದೆ. ಫೋಟೋ ಕಾಗದದಂಥ ಪುಕ್ಕಲು ವಸ್ತು ಇನ್ನೊಂದಿಲ್ಲ, ಬಾಗಿಲ ಸಂದಿಯ ಬೆಳಕಿಗೂ ಕಪ್ಪಾಗಿಬಿಡುತ್ತದೆ. ಕೆಂಪು ದೀಪಕ್ಕೆ ಮಾತ್ರ ಅದು ಜಪ್ಪಯ್ಯ ಅನ್ನುವುದಿಲ್ಲ. ಕಾಗದಕ್ಕೇ ಏನೂ ಆಗದಿದ್ದ ಮೇಲೆ ಮನುಷ್ಯರಿಗೆ ಏನಾದೀತು? ಅವಳಿಗೆ ಓದಲು ಬೆಳಕು ಸಾಲದು ಅಂತ ಹೊಸ ನಮೂನೆಯ ಜೋರಾದ ಎರಡು ಕೆಂಪು ದೀಪ ತಂದು, ದಿಂಬಿನ ಪಕ್ಕದಲ್ಲೇ ಸಿಕ್ಕಿಸಿದೆ.

ಸಂಜೆಯ ಹೊತ್ತಿಗೆ, "ಮುಖ ಯಾಕೋ ಚುರುಚುರು ಅಂತಿದೆ ರೀ," ಅಂದಳು.

ಭೂತಗನ್ನಡಿ ಹಿಡಿದು ನೋಡಿದೆ. ಕೆನ್ನೆ ಬೆಳ್ಳಗೆ, ಕಲೆಯಿಲ್ಲದೆ ಕಾಣುತ್ತಿತ್ತು. "ಏನೂ ಇಲ್ಲ ಕಣೇ, ಔಷಧಿ ಕಾವು ಇರಬೇಕು," ಅಂದೆ.

ಮರುದಿನ ಅವಳು ಪುಸ್ತಕ ಮುಟ್ಟಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಒಂದು ದೀಪ ಆರಿಸ್ತೀರಾ?" ಅಂದಳು. ಕತ್ತಲಲ್ಲಿ ಎದ್ದು ಎಡವಿ ಬಿದ್ದರೆ ಏನು ಗತಿ ಅಂತ ಗದರಿದೆ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಕೆನ್ನೆ ಮುಟ್ಟಿದರೆ ಬಿಸಿ, ಊದಿಕೊಂಡಂತೆಯೂ ಇತ್ತು. ಇನ್ನೊಮ್ಮೆ ನೋಡಿದೆ, ಬೆಳ್ಳಗೇ ಇತ್ತು. ಕೈಗಿಂತ ಕಣ್ಣನ್ನು ನಂಬುವುದು ನನ್ನ ಕಸುಬಿನ ಚಾಳಿ.

ಮೂರನೆಯ ಬೆಳಿಗ್ಗೆ ಬಟ್ಟೆ ಹೊದಿಸಿಯೇ ಆಸ್ಪತ್ರೆಗೆ ಕರೆದೊಯ್ದೆ. ಪರದೆ ಎಳೆದ ಕೋಣೆಯಲ್ಲಿ ನರ್ಸಮ್ಮ ಬಟ್ಟೆ ಸರಿಸಿ, "ಅಯ್ಯೋ!" ಅಂತ ಹಿಂದೆ ಸರಿದಳು. ಹಣೆಯಿಂದ ಕತ್ತಿನವರೆಗೆ ರಕ್ತಗೆಂಪು, ಕೆನ್ನೆಯ ಮೇಲೆ ಬೊಬ್ಬೆಗಳು, ತುಟಿ ದಪ್ಪಗೆ ಬಾತು ಬಾಯಿಯೇ ತೆರೆಯದಂತಾಗಿತ್ತು. ಕೆಂಪು ದೀಪದಲ್ಲಿ ಕೆಂಪು ಬಣ್ಣವೂ ಬೆಳ್ಳಗೆ ಕಾಣುತ್ತದೆ. ಈ ಮಾತನ್ನು ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದವನು ನಾನೇ.

"ಯಾವ ದೀಪ ಹಾಕಿದ್ರಿ?" ಅಂದರು ಡಾಕ್ಟರು.

"ಕೆಂಪು."

ಅವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಇವತ್ತು ನಾನು ಗಂಟಲೊಳಗೆ ಬಿಡಬೇಕಾಗಿದ್ದೂ ಕೆಂಪು ಬೆಳಕೇ. ಈ ಔಷಧಿ ಕಾಯೋದೇ ಅದಕ್ಕೆ. ಈಗ ಕೊಳವೆ ಇಳಿಸೋಕಾಗಲ್ಲ, ಈ ಊತ ಇಳಿಯೋ ಹೊತ್ತಿಗೆ ಗಡ್ಡೆಯಲ್ಲಿ ಔಷಧಿ ಉಳಿಯಲ್ಲ. ಮತ್ತೆ ಕೊಡಬೇಕಂದ್ರೆ ಕಡಿಮೆ ಅಂದ್ರೂ ಒಂದು ತಿಂಗಳು."

ಚಮಚದ ನೀರೂ ಸರಿಯಾಗಿ ಇಳಿಯದವಳಿಗೆ ಒಂದು ತಿಂಗಳು. ಅವಳು ಬೈದಿದ್ದರೆ, ನಾಲ್ಕು ಬಾರಿಸಿದ್ದರೆ, ಬದುಕಿಕೊಳ್ಳುತ್ತಿದ್ದೆ.

ಡಾಕ್ಟರು ಅವಳತ್ತ ಬಾಗಿದರು. "ಉರಿ ಶುರುವಾದಾಗ್ಲೇ ಆಚೆ ಬರಬಾರದಿತ್ತೇನಮ್ಮಾ?"

ಬಾತ ತುಟಿ ಕಷ್ಟಪಟ್ಟು ಅಲುಗಾಡಿತು.

"ತುಂಬಾ ಉರೀತಿತ್ತು ಡಾಕ್ಟ್ರೇ. ಆದ್ರೆ ಇವರು ಪಕ್ಕದಲ್ಲೇ ಕೂತು ನೋಡ್ತಿದ್ರಲ್ಲ, ಏನೂ ಇಲ್ಲ ಅಂದ್ರು. ಅದಕ್ಕೇ ಸುಮ್ಮನಿದ್ದೆ."